2020ರ ಕ್ರೆಟಾ ಅಂದ್ರೆ ಯಾವ ಕ್ರೆಟಾ? ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ತಿಂಗಳು ನೋಡಿ

ಹೋದ ವರ್ಷ ಬೆಂಗಳೂರಿನ ಒಂದು ಯಾರ್ಡ್‌ಗೆ ಸೆಕೆಂಡ್ ಹ್ಯಾಂಡ್ ಹ್ಯುಂಡೈ ಕ್ರೆಟಾ ಕಾರು ನೋಡೋಕೆ ಹೋಗಿದ್ದೆ. ಜಾಹೀರಾತಿನಲ್ಲಿ ‘2020 ಮಾಡೆಲ್, ಸಿಂಗಲ್ ಓನರ್’ ಅಂತ ಇತ್ತು, ಫೋಟೋ ಮಾತ್ರ ಡ್ಯಾಶ್‌ಬೋರ್ಡಿನದ್ದು ಒಂದೇ. ನನ್ನ ತಲೆಯಲ್ಲಿದ್ದದ್ದು ಹೊಸ ಆಕಾರದ ಗಾಡಿ. ಅಲ್ಲಿ ನಿಂತಿದ್ದದ್ದು ಹಳೆಯದು. ಆರ್‌ಸಿ ಕೇಳಿ ತಿರುಗಿಸಿ ನೋಡಿದರೆ ತಯಾರಾದದ್ದು 2019ರ ನವೆಂಬರ್, ರಿಜಿಸ್ಟ್ರೇಷನ್ ಆದದ್ದು 2020ರ ಫೆಬ್ರವರಿ. ‘ಸಾರ್, ರಿಜಿಸ್ಟ್ರೇಷನ್ 2020 ಅಲ್ವಾ, ಹಾಗಾದ್ರೆ 2020 ಮಾಡೆಲ್ಲೇ’ ಅಂದ ಅಲ್ಲಿದ್ದ ಹುಡುಗ. ಅವನು ಸುಳ್ಳು ಹೇಳಲಿಲ್ಲ. ಆದರೆ ಕೇಳಿದ ಬೆಲೆ ಮಾತ್ರ ಹೊಸ ಆಕಾರದ ಗಾಡಿಗೆ ಹತ್ತಿರ ಹತ್ತಿರ ಇತ್ತು.

ನಮ್ಮ ಪೇಟೆಯಲ್ಲಿ ‘ಮಾಡೆಲ್’ ಅಂದರೆ ಹೆಚ್ಚಾಗಿ ರಿಜಿಸ್ಟ್ರೇಷನ್ ಆದ ವರ್ಷ. ಕಂಪನಿಯವರು ಗಾಡಿ ಬದಲಿಸುವುದು ಜನವರಿ ಒಂದಕ್ಕೆ ಅಲ್ಲ, ಅವರಿಗೆ ಬೇಕಾದ ತಿಂಗಳಲ್ಲಿ. ಅದರ ಮೇಲೆ ಡೀಲರ್ ಹತ್ತಿರ ಉಳಿದ ಹಳೇ ಸ್ಟಾಕ್ ಎರಡು ಮೂರು ತಿಂಗಳು ಮಾರಾಟ ಆಗುತ್ತಲೇ ಇರುತ್ತದೆ. ಹಾಗಾಗಿ ಒಂದೇ ವರ್ಷದ ಹೆಸರಿನಲ್ಲಿ ಎರಡು ಬೇರೆ ಬೇರೆ ಗಾಡಿ ಓಡಾಡುತ್ತಿರುತ್ತವೆ. ಇದು ಎಲ್ಲ ಕಂಪನಿಗೂ ಅನ್ವಯಿಸುತ್ತದೆ. ನಾನು ಆರು ತಿಂಗಳು ಕ್ರೆಟಾವನ್ನೇ ಹುಡುಕಿದ್ದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕ್ರೆಟಾ ಇಲ್ಲಿ ಮೊದಲು ಬಂದದ್ದು 2015ರ ಜುಲೈನಲ್ಲಿ. 2018ರ ಮೇನಲ್ಲಿ ಮುಖ ಬದಲಾಯಿತು, ಗಾಡಿ ಅದೇ. 2020ರ ಮಾರ್ಚ್‌ನಲ್ಲಿ ಪೂರ್ತಿ ಹೊಸ ಗಾಡಿ. 2023ರ ಶುರುವಿನಲ್ಲಿ ಹೊರಗಿನಿಂದ ಕಾಣದ, ಆದರೆ ದೊಡ್ಡ ಬದಲಾವಣೆ. 2024ರ ಜನವರಿಯಲ್ಲಿ ಮತ್ತೆ ಹೊಸ ಮುಖ. ಈ ಐದನ್ನು ಫೋನಿನಲ್ಲಿ ಬರೆದಿಟ್ಟುಕೊಂಡೇ ಗಾಡಿ ನೋಡೋಕೆ ಹೊರಡಿ.

2015ರಿಂದ 2018

ಈ ಗಾಡಿಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. 1.6 ಪೆಟ್ರೋಲ್, 1.4 ಡೀಸೆಲ್, 1.6 ಡೀಸೆಲ್ ಅಂತ ಮೂರು ಎಂಜಿನ್ ಇದ್ದವು. 1.6 ಡೀಸೆಲ್ ಇವತ್ತಿಗೂ ಹೈವೇಯಲ್ಲಿ ಚೆನ್ನಾಗಿ ಓಡುತ್ತದೆ. 1.4 ಡೀಸೆಲ್‌ನ ಶಕ್ತಿ 90 ಪಿಎಸ್ (ಹಾರ್ಸ್‌ಪವರ್ ಅಳತೆ) ಮಾತ್ರ, ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿಸುವವರಿಗೆ ಸಪ್ಪೆ ಅನಿಸುತ್ತದೆ. ಆದರೆ ಮುಖ್ಯ ವಿಷಯ ವಯಸ್ಸು. 2015ರ ಗಾಡಿಗೆ 15 ವರ್ಷದ ರಿಜಿಸ್ಟ್ರೇಷನ್ 2030ಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ಮಾಡಿಸಿ ಹೊಸದು ಮಾಡಿಸಿಕೊಳ್ಳಬೇಕು. ಇಷ್ಟು ಹಳೆಯ ಗಾಡಿಗೆ ಸಾಲ ಸಿಗುವುದೂ ಕಷ್ಟ, ಸಿಕ್ಕಿದರೂ ಬಡ್ಡಿ ಜಾಸ್ತಿ. ಕೈಯಲ್ಲಿ ಕಾಸಿದ್ದು, ನಾಲ್ಕೈದು ವರ್ಷ ಓಡಿಸಿದರೆ ಸಾಕು ಅನ್ನುವವರಿಗೆ ಸರಿ.

ಒಂದು ತಮಾಷೆ ಹೇಳಲೇಬೇಕು. 2018ರ ಮೇಗೆ ಮುಂಚಿನ ಕ್ರೆಟಾಗೆ ಕಂಪನಿಯಿಂದ ಸನ್‌ರೂಫ್ ಬರುತ್ತಿರಲಿಲ್ಲ. 2016ರ ಗಾಡಿಗೆ ಸನ್‌ರೂಫ್ ಇದೆ ಅಂದರೆ ಯಾರೋ ಮೇಲ್ಛಾವಣಿ ಕೊಯ್ದು ಕೂರಿಸಿದ್ದಾರೆ ಅಂತ ಅರ್ಥ. ನಮ್ಮ ಮಳೆಗಾಲಕ್ಕೆ ಅಂಥದ್ದು ಬೇಡವೇ ಬೇಡ.

2018ರ ಮೇ ಇಂದ 2020ರ ಶುರುವಿನವರೆಗೆ

ಎಂಜಿನ್ ಅವೇ, ಮುಖ ಹೊಸದು, ಒಳಗೆ ಸೌಕರ್ಯ ಸ್ವಲ್ಪ ಹೆಚ್ಚು. ನನ್ನ ಲೆಕ್ಕದಲ್ಲಿ ಕಮ್ಮಿ ಬಜೆಟ್‌ನವರಿಗೆ ಇದೇ ಒಳ್ಳೆಯ ಕಾಲ, ಅದರಲ್ಲೂ 2019ರಲ್ಲಿ ತಯಾರಾದವು. ಒಂದು ಮಾದರಿ ಮೂರು ನಾಲ್ಕು ವರ್ಷ ಲೈನ್‌ನಲ್ಲಿ ಓಡಿದ ಮೇಲೆ ಶುರುವಿನ ಸಣ್ಣಪುಟ್ಟ ತಕರಾರುಗಳು ಸರಿಯಾಗಿರುತ್ತವೆ, ಮೆಕ್ಯಾನಿಕ್‌ಗಳ ಕೈಗೂ ಅದು ಪಳಗಿರುತ್ತದೆ. 2019ರ ಜುಲೈ 1ರಿಂದ ಎಲ್ಲ ಕಾರಿಗೂ ಹಿಂದಿನ ಪಾರ್ಕಿಂಗ್ ಸೆನ್ಸರ್, ಸ್ಪೀಡ್ ಜಾಸ್ತಿಯಾದರೆ ಕೂಗುವ ಅಲಾರಂ, ಸೀಟ್ ಬೆಲ್ಟ್ ನೆನಪಿಸುವ ಗಂಟೆ ಕಡ್ಡಾಯ ಆಯಿತು. ಅಂದರೆ ಕೆಳಗಿನ ವೇರಿಯಂಟ್ ತಗೊಂಡರೂ ಅಷ್ಟಂತೂ ಇರುತ್ತದೆ.

ಇವೆಲ್ಲ ಬಿಎಸ್4 ಗಾಡಿಗಳು, ಅಂದರೆ ಹೊಗೆ ಮಾಲಿನ್ಯದ ಹಳೇ ನಿಯಮಕ್ಕೆ ತಯಾರಾದವು. ಡೀಸೆಲ್ ಬೇಕು, ಆದರೆ ದಿನಾ ಓಡಾಟ ಮನೆಯಿಂದ ಆಫೀಸಿಗೆ ಆರೇಳು ಕಿಲೋಮೀಟರ್ ಅಷ್ಟೇ ಅನ್ನುವವರು ಹೊಸದಕ್ಕಿಂತ ಇದನ್ನೇ ನೋಡುವುದು ಮೇಲು. ಕಾರಣ ಮುಂದೆ ಬರುತ್ತದೆ.

2020: ಎಡವುವುದು ಇಲ್ಲೇ

ಹೊಸ ಕ್ರೆಟಾ ಬಂದದ್ದು 2020ರ ಮಾರ್ಚ್ 16ಕ್ಕೆ. ದೇಶಕ್ಕೆಲ್ಲ ಅದಕ್ಕಿಂತ ಬಿಗಿಯಾದ ಬಿಎಸ್6 ನಿಯಮ ಕಡ್ಡಾಯ ಆದದ್ದು ಏಪ್ರಿಲ್ 1ಕ್ಕೆ. ಬಿಎಸ್4 ಗಾಡಿ ಅಷ್ಟರೊಳಗೆ ರಿಜಿಸ್ಟರ್ ಆಗಲೇಬೇಕಿತ್ತು, ಹಾಗಾಗಿ ಆ ವರ್ಷದ ಮೊದಲ ಮೂರು ತಿಂಗಳು ಡೀಲರ್‌ಗಳು ಡಿಸ್ಕೌಂಟ್ ಕೊಟ್ಟು ಹಳೇ ಸ್ಟಾಕ್ ಖಾಲಿ ಮಾಡಿದರು. ಅವತ್ತು ಅಗ್ಗಕ್ಕೆ ಹೋದ ಗಾಡಿಗಳೇ ಇವತ್ತು ‘2020 ಮಾಡೆಲ್’ ಅಂತ ಎದೆಯುಬ್ಬಿಸಿ ನಿಂತಿರುವುದು. ಮೊದಲ ಓನರ್‌ಗೆ ಸಿಕ್ಕ ಡಿಸ್ಕೌಂಟ್ ನಿಮಗೂ ಸಿಗಬೇಕಲ್ವಾ? ಅಂಥ ಗಾಡಿಗೆ 2019ರ ಬೆಲೆ ಕೊಡಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ.

ಹೊಸ ಆಕಾರದ್ದರಲ್ಲಿ 1.5 ಪೆಟ್ರೋಲ್, 1.5 ಡೀಸೆಲ್, 1.4 ಟರ್ಬೊ ಪೆಟ್ರೋಲ್ ಬಂದವು. ಮೊದಲೆರಡೂ ಹೆಚ್ಚು ಕಮ್ಮಿ 115 ಪಿಎಸ್, ಟರ್ಬೊ 140. ಇಲ್ಲಿ ವರ್ಷಕ್ಕಿಂತ ನಿಮ್ಮ ಓಡಾಟ ಮುಖ್ಯ.

ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಇರುತ್ತದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವಾಗ ಸುಟ್ಟು ಹಾಕುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ತಿಂಗಳಿಗೆ ಎರಡು ಸಲ ಹೋಗಿ ಬರುವವರಿಗೆ ಅದು ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ದಿನಾ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಉಸಿರಾಡುವ ಗಾಡಿಯಲ್ಲಿ ಮಸಿ ಸುಡಲು ಅವಕಾಶವೇ ಸಿಗದೆ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದೆ. ಹಾಗಾಗಿ ಡೀಸೆಲ್ ನೋಡುವಾಗ ಮೀಟರ್ ಕಮ್ಮಿ ಇದೆ ಅಂತ ಖುಷಿ ಪಡಬೇಡಿ. ಐದು ವರ್ಷದಲ್ಲಿ 18 ಸಾವಿರ ಕಿಲೋಮೀಟರ್ ಓಡಿದ ಬೆಂಗಳೂರು ಡೀಸೆಲ್‌ಗಿಂತ 80 ಸಾವಿರ ಓಡಿದ ದಾವಣಗೆರೆ ಡೀಸೆಲ್ ನನಗೆ ಎಷ್ಟೋ ವಾಸಿ.

ಟರ್ಬೊ ಪೆಟ್ರೋಲ್‌ಗೆ ಇದ್ದದ್ದು 7 ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಒಂದೇ. ಓಡಿಸೋಕೆ ಸಕತ್ ಮಜಾ. ಆದರೆ ಆ ಥರದ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಡಿಸಿಟಿಗಳು ಇಂಚಿಂಚು ಸರಿಯುವ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತವೆ. ಟೆಸ್ಟ್ ಡ್ರೈವ್ ಮಾಡುವಾಗ ಖಾಲಿ ರಸ್ತೆಗೆ ಹೋಗದೆ ಸಾಯಂಕಾಲದ ಟ್ರಾಫಿಕ್‌ಗೇ ತಗೊಂಡು ಹೋಗಿ, ಒಂದು ಏರಿನಲ್ಲಿ ನಿಲ್ಲಿಸಿ ನಿಧಾನಕ್ಕೆ ಎತ್ತಿ ನೋಡಿ. ಜರ್ಕ್ ಹೊಡೆದರೆ ಬಿಟ್ಟುಬಿಡಿ. 2023ರಲ್ಲಿ ಈ ಎಂಜಿನ್ ನಿಂತೇ ಹೋಯಿತು. 2024ರಲ್ಲಿ ಬಂದ 160 ಪಿಎಸ್‌ನ ಟರ್ಬೊ ಬೇರೆ, ಅದು 1.5. ‘ಟರ್ಬೊ’ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಬೆಲೆ ಹೇಳುವವರಿದ್ದಾರೆ.

ಊರಿನ ಒಳಗೇ ಜಾಸ್ತಿ ಓಡಾಟ, ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ದಾಟಲ್ಲ ಅಂದರೆ ಸುಮ್ನೆ 1.5 ಪೆಟ್ರೋಲ್ ತಗೊಳ್ಳಿ. ರೋಮಾಂಚನ ಇಲ್ಲ, ತಲೆನೋವೂ ಇಲ್ಲ.

2023: ಕಣ್ಣಿಗೆ ಕಾಣದ ಗೆರೆ

2022ರ ಏಪ್ರಿಲ್‌ನಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಎರಡು ಏರ್‌ಬ್ಯಾಗಿನ ಕ್ರೆಟಾವನ್ನು ಗುದ್ದಿಸಿ ನೋಡಿದಾಗ ಸಿಕ್ಕಿದ್ದು 5ಕ್ಕೆ 3 ಸ್ಟಾರ್. ಅಲ್ಲಿವರೆಗೆ ಆರು ಏರ್‌ಬ್ಯಾಗ್ ಬೇಕಿದ್ದರೆ ಮೇಲಿನ ವೇರಿಯಂಟ್‌ಗೇ ಹೋಗಬೇಕಿತ್ತು. 2023ರ ಶುರುವಿನಲ್ಲಿ ಎಲ್ಲ ವೇರಿಯಂಟ್‌ಗೂ ಆರು ಏರ್‌ಬ್ಯಾಗ್ ಕೊಟ್ಟರು, ಜಾರುವಾಗ ಗಾಡಿಯನ್ನು ಹಿಡಿದಿಡುವ ಇಎಸ್‌ಸಿಯನ್ನೂ ಕೊಟ್ಟರು. ಎಂಜಿನ್‌ಗಳನ್ನು ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲ್‌ಗೆ ಹೊಂದಿಸಿದ್ದೂ ಆಗಲೇ. ಹೊರಗಿನಿಂದ 2022ರದ್ದಕ್ಕೂ ಇದಕ್ಕೂ ವ್ಯತ್ಯಾಸ ಹುಡುಕೋಕೆ ಭೂತಗನ್ನಡಿ ಬೇಕು.

ಮನೆಯಲ್ಲಿ ಮಕ್ಕಳಿದ್ದು ಕೆಳಗಿನ ಅಥವಾ ಮಧ್ಯದ ವೇರಿಯಂಟ್ ನೋಡುತ್ತಿದ್ದರೆ, 2022ರ ಡಿಸೆಂಬರಿಗೂ 2023ರ ಏಪ್ರಿಲ್‌ಗೂ ನಡುವೆ ಇರುವ ಬೆಲೆಯ ಅಂತರ ಕಣ್ಣು ಮುಚ್ಚಿಕೊಂಡು ಕೊಡಬಹುದು. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಆದರೆ ಇಲ್ಲೂ 2022ರಲ್ಲಿ ತಯಾರಾಗಿ 2023ರ ಜನವರಿಯಲ್ಲಿ ರಿಜಿಸ್ಟರ್ ಆದ ಗಾಡಿಗಳಿವೆ. ಆರ್‌ಸಿ ಮೇಲೆ ಬಿಟ್ಟು ಸುಮ್ಮನಾಗದೆ ಸೀಟಿನ ಪಕ್ಕ, ಬಾಗಿಲ ಕಂಬದ ಮೇಲೆ ‘ಏರ್‌ಬ್ಯಾಗ್’ ಅಂತ ಬರೆದಿದೆಯಾ ಅಂತ ಕೈಯಿಟ್ಟು ನೋಡಿ.

2024ರ ನಂತರದ್ದು ಅಂದರೆ ಹೊಸ ಮುಖ, ಮೇಲಿನ ವೇರಿಯಂಟ್‌ಗಳಲ್ಲಿ ಅಡಾಸ್, ಅಂದರೆ ಕ್ಯಾಮೆರಾ, ರಾಡಾರ್‌ನಿಂದ ರಸ್ತೆ ನೋಡಿ ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇದಕ್ಕೆ ಕೇಳುವ ಬೆಲೆ ನೋಡಿದರೆ ಹೊಸದಕ್ಕೇ ಹೋಗೋಣ ಅನಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಹೊಸ ಗಾಡಿಯ ಬೆಲೆಯೂ ಇಳಿದಿದೆ. ‘ಇದು ಹೊಸದು ಇಷ್ಟಕ್ಕೆ ತಗೊಂಡಿದ್ದು ಸಾರ್’ ಅಂತ ಹಳೇ ಬಿಲ್ ತೋರಿಸಿದರೆ, ಇವತ್ತಿನ ಆನ್‌ರೋಡ್ ಬೆಲೆ ತೋರಿಸಿ ಮಾತಾಡಿ.

ತಿಂಗಳು ಪತ್ತೆ ಮಾಡುವುದು ಹೇಗೆ

ಆರ್‌ಸಿ ಕಾರ್ಡಿನಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದರ ಫೋಟೋ ಕಳಿಸದೆ ‘ಬಂದು ನೋಡಿ ಸಾರ್’ ಅನ್ನುವವರ ಹತ್ತಿರ ಪೆಟ್ರೋಲ್ ಸುಟ್ಟುಕೊಂಡು ಹೋಗಬೇಡಿ. ಎರಡನೆಯದು ಚಾಸಿ ನಂಬರ್. 17 ಅಕ್ಷರ ಇರುತ್ತದೆ, ಹ್ಯುಂಡೈದಾದರೆ ಹತ್ತನೆಯದು ವರ್ಷ ಹೇಳುತ್ತದೆ: ಎಫ್ ಅಂದರೆ 2015, ಜಿ 2016, ಎಚ್ 2017, ಜೆ 2018, ಕೆ 2019, ಎಲ್ 2020, ಎಂ 2021, ಎನ್ 2022, ಪಿ 2023, ಆರ್ 2024. ಮಧ್ಯೆ ಐ, ಒ, ಕ್ಯೂ ಬಳಸುವುದಿಲ್ಲ, 1 ಮತ್ತು 0 ಜೊತೆ ಗೊಂದಲ ಆಗುತ್ತದೆ ಅಂತ. ಗಾಡಿಯ ಮೇಲೆ ಕೊರೆದಿರುವ ನಂಬರ್ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ಆಗಬೇಕು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 4519 ಅಂದರೆ 2019ರ 45ನೇ ವಾರ. ಟೈರು 2017ರದ್ದು, ಗಾಡಿ 2020ರದ್ದು ಅಂದರೆ ಯಾರೋ ಹಳೇ ಟೈರು ಹಾಕಿ ಒಳ್ಳೆಯದನ್ನು ಬಿಚ್ಚಿಕೊಂಡಿದ್ದಾರೆ.

ನಂಬರ್ ಪ್ಲೇಟೂ ಸ್ವಲ್ಪ ಹೇಳುತ್ತದೆ. 2019ರ ಏಪ್ರಿಲ್ 1ರ ನಂತರದ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಕಂಪನಿಯಿಂದಲೇ ಬರುತ್ತದೆ. ಅದಕ್ಕಿಂತ ಹಳೆಯದಕ್ಕೆ ಓನರ್ ಹಾಕಿಸಿರಬೇಕು, ಹಾಕಿಸಿಲ್ಲ ಅಂದರೆ ಅವರ ಕೈಯಲ್ಲೇ ಮಾಡಿಸಿ. ಕೆಎ-19, ಕೆಎ-20 ಗಾಡಿಯಾದರೆ, ಅಂದರೆ ಮಂಗಳೂರು, ಉಡುಪಿ ಕಡೆಯದು, ಒಂದು ಸಲ ಕೆಳಗೆ ಬಗ್ಗಿ ತುಕ್ಕು ನೋಡಿ. ಕಡಲ ಗಾಳಿ ವರ್ಷ ಕೇಳಿಕೊಂಡು ಬರುವುದಿಲ್ಲ. ದೆಹಲಿ ನಂಬರಿನ ಹಳೇ ಡೀಸೆಲ್‌ಗಳು ಇಲ್ಲಿ ತುಂಬ ಅಗ್ಗಕ್ಕೆ ಕಾಣುತ್ತವೆ, ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗಳ ನಿಷೇಧದ ಮೇಲೆ ವರ್ಷಗಳಿಂದ ನಡೆಯುತ್ತಿರುವ ಜಗ್ಗಾಟವೇ ಇದಕ್ಕೆ ಒಂದು ಕಾರಣ. ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ರೋಡ್ ಟ್ಯಾಕ್ಸ್, ಹೊಸ ನಂಬರ್, ಆರ್‌ಟಿಒ ಓಡಾಟ ಎಲ್ಲ ಕೂಡಿಸಿದ ಮೇಲೂ ಅಗ್ಗ ಅನಿಸಿದರೆ ಮಾತ್ರ ಮುಂದುವರಿಯಿರಿ.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಯಾವಾಗಿನವರೆಗೆ ಅಂತ ನೋಡಿಕೊಳ್ಳಿ. ಸರ್ವಿಸ್ ಹಿಸ್ಟರಿ ಕೇಳಿ ಪ್ರತಿ ಬಿಲ್‌ನಲ್ಲಿರುವ ಕಿಲೋಮೀಟರ್ ಓದಿ, ಮೀಟರ್ ತಿರುಗಿಸಿದ್ದರೆ ಸಿಕ್ಕಿಬೀಳುವುದು ಅಲ್ಲೇ.

ನಾನು ಕೊನೆಗೆ ತಗೊಂಡದ್ದು 2021ರ ಜೂನ್‌ನಲ್ಲಿ ತಯಾರಾದ 1.5 ಪೆಟ್ರೋಲ್, ಮೈಸೂರಿನ ಒಬ್ಬ ರಿಟೈರ್ಡ್ ಮೇಷ್ಟ್ರ ಹತ್ತಿರ. 2023ರದ್ದೇ ಬೇಕಿತ್ತು, ಬಜೆಟ್ ಮುಟ್ಟಲಿಲ್ಲ. ಓನರ್ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಅವರ ಸಹಿ ಹಾಕಿಸಿಕೊಂಡೇ ದುಡ್ಡು ಕಳಿಸಿದೆ, 14 ದಿನದೊಳಗೆ ಇನ್ಶೂರೆನ್ಸ್ ನನ್ನ ಹೆಸರಿಗೆ ಮಾಡಿಸಿಕೊಂಡೆ. ಅಲ್ಲೊಂದು ಸಣ್ಣ ಖರ್ಚು ಬಂತು. ಮೇಷ್ಟ್ರಿಗೆ ಸಿಗುತ್ತಿದ್ದ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿ ಜೊತೆ ಬರುವುದಿಲ್ಲ, ಓನರ್ ಜೊತೆಗೇ ಹೋಗುತ್ತದೆ. ಆ ವ್ಯತ್ಯಾಸದ ದುಡ್ಡು ಕಟ್ಟಬೇಕಾಯಿತು, ಇದನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿದುಕೊಂಡಿರಿ.