ಖಾನಾವಳಿಯೊಳಗೆ ಬೀಡಿ-ಸಿಗರೇಟ್ ನಿಲ್ಲಿಸುವುದು ಹೇಗೆ? ಜಗಳ ಇಲ್ಲದೆ, ಗಿರಾಕಿ ಕಳೆದುಕೊಳ್ಳದೆ

ಮೊದಲು ಲೈಟರ್ ಬಿಚ್ಚಿ. ಗಲ್ಲಾದ ಪಕ್ಕ ದಾರಕ್ಕೆ ಕಟ್ಟಿ ತೂಗುಬಿಟ್ಟಿರುತ್ತೀರಲ್ಲ, ಅದನ್ನು. ಬೋರ್ಡ್ ಬರೆಸೋದು, ಹುಡುಗರಿಗೆ ಹೇಳಿಕೊಡೋದು ಎಲ್ಲ ಆಮೇಲೆ. ಬೆಂಕಿ ನಾವೇ ಕೊಟ್ಟು, ಸೇದಬೇಡಿ ಅಂತಾನೂ ನಾವೇ ಹೇಳಿದರೆ ಯಾರು ಕೇಳುತ್ತಾರೆ?

ನನ್ನದು ಕಲಬುರಗಿಯ ಗಂಜ್ ಕಡೆ, ಅಂದರೆ ಕಾಳುಕಡಿ ಮಾರುಕಟ್ಟೆ ಕಡೆ, ಒಂದು ಸಣ್ಣ ಖಾನಾವಳಿ. ಮಧ್ಯಾಹ್ನ ಜೋಳದ ರೊಟ್ಟಿ ಊಟ, ಬೆಳಿಗ್ಗೆ-ಸಂಜೆ ಚಹಾ, ಸುಸಲಾ, ಮಿರ್ಚಿ. ತೊಗರಿ ಮಾರಲು ಬಂದ ರೈತರು, ಹಮಾಲರು, ಅಡತಿ ಅಂಗಡಿಯ ಗುಮಾಸ್ತರು, ಲಾರಿ ಡ್ರೈವರ್‌ಗಳು, ಇವರೇ ನನ್ನ ಗಿರಾಕಿಗಳು. ಇಂಥ ಕಡೆ ಬೀಡಿ ನಿಲ್ಲಿಸೋದು ಆಗದ ಮಾತು ಅಂತ ಪಕ್ಕದವರು ನಕ್ಕಿದ್ದರು. ಆಗುತ್ತದೆ. ಹೇಗೆ ಅಂತ ನನ್ನ ಹಾಗೆ ಹೋಟೆಲ್ ನಡೆಸುವವರಿಗೆ ಹೇಳುತ್ತೇನೆ.

ನಾನು ಇದಕ್ಕೆ ಕೈ ಹಾಕಿದ್ದು ಕಾನೂನಿಗೆ ಹೆದರಿ ಅಲ್ಲ, ಚಹಾದ ಗ್ಲಾಸಿನ ದೆಸೆಯಿಂದ. ಚಹಾ ಕುಡಿದು ತಳದಲ್ಲಿ ಒಂದಿಷ್ಟು ಉಳಿಸುತ್ತಾರೆ. ಅದರಲ್ಲಿ ಸಿಗರೇಟ್ ತುಂಡು ಅದ್ದಿ ಆರಿಸುತ್ತಾರೆ. ಚುಯ್ ಅನ್ನುತ್ತದೆ. ಆಮೇಲೆ ಎದ್ದು ಹೋಗುತ್ತಾರೆ. ಹಿಂದುಗಡೆ ನೀರಿನ ತೊಟ್ಟಿ ಹತ್ತಿರ ಕೂತು ತೊಳೆಯುವ ಹೆಣ್ಣುಮಗಳು ಆ ಗ್ಲಾಸಿನೊಳಗೆ ಎರಡು ಬೆರಳು ಹಾಕುತ್ತಾಳೆ. ಉಬ್ಬಿದ ತುಂಡು, ಬೂದಿ, ಹಳದಿ ನೀರು. ಎಷ್ಟು ಉಜ್ಜಿದರೂ ವಾಸನೆ ಹೋಗುವುದಿಲ್ಲ. ಅದೇ ಗ್ಲಾಸಿನಲ್ಲಿ ಇನ್ನೊಬ್ಬರ ಮಗುವಿಗೆ ಹಾಲು ಕೊಡಬೇಕು. ಒಂದು ದಿನ ಅವಳು, "ಅಕ್ಕಾರ, ಇದನ್ನ ನೀವೇ ಒಂದ್ಸಲ ತೊಳೀರಿ" ಅಂದಳು. ತೊಳೆದೆ. ಅಷ್ಟೇ ಸಾಕಾಯಿತು.

ಕಾನೂನು ಏನು ಹೇಳುತ್ತದೆ

ಇದು ಗೊತ್ತಿದ್ದರೆ ಮಾತಿಗೆ ಗಟ್ಟಿ ಬರುತ್ತದೆ. ತಂಬಾಕು ನಿಯಂತ್ರಣದ ಕೇಂದ್ರ ಕಾಯ್ದೆ 2003ರದು. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನೋದು ಅದರ 4ನೇ ಸೆಕ್ಷನ್. ಬಿಗಿಯಾದ ನಿಯಮಗಳು ಬಂದದ್ದು 2008ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿ ದಿನ. ಹೋಟೆಲ್, ಕ್ಯಾಂಟೀನ್, ಕಚೇರಿ, ಕೋರ್ಟ್, ಆಸ್ಪತ್ರೆ, ಸಿನಿಮಾ ಟಾಕೀಸ್, ಬಸ್ಸು ಎಲ್ಲ ಇದರಲ್ಲಿ ಬರುತ್ತವೆ. ಬಯಲು ಜಾಗ ಲೆಕ್ಕಕ್ಕಿಲ್ಲ ಅಂತ ಕಾಯ್ದೆಯಲ್ಲಿದೆ, ಆದರೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಸ್ಟೇಡಿಯಂಗಳನ್ನು ಬಯಲು ಅನ್ನುವ ಹಾಗಿಲ್ಲ. ನಮ್ಮ ಹೋಟೆಲ್ ಮುಂದೆ ತಗಡಿನ ಚಪ್ಪರ ಹಾಕಿ ನಾಲ್ಕು ಕುರ್ಚಿ ಇಟ್ಟಿರುತ್ತೇವಲ್ಲ, ಅದು ಬಯಲಾ ಹೋಟೆಲ್ಲಾ ಅಂತ ವಾದ ಮಾಡುತ್ತಾ ಕೂರಬೇಡಿ. ಅಲ್ಲಿ ಊಟಕ್ಕೆ ಕೂರಿಸುತ್ತೀರಿ ಅಂದ ಮೇಲೆ ಅದೂ ಹೋಟೆಲ್ಲೇ.

ನಮಗೆ ಮುಖ್ಯವಾದದ್ದು ಬೇರೆ ಇದೆ. ಸೇದದಂತೆ ನೋಡಿಕೊಳ್ಳುವ ಜವಾಬ್ದಾರಿ ಮಾಲೀಕನದು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವ ಹಾಗಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಯಾರೋ ಬಂದು ದೂರು ಹೇಳಿದರೂ ನಾವು ಸುಮ್ನೆ ಕೂತರೆ, ಎಷ್ಟು ಜನ ಸೇದುತ್ತಿದ್ದರೋ ಅಷ್ಟು ಜನರ ದಂಡ ನಮ್ಮ ಮೇಲೂ ಬರುತ್ತದೆ. ಮೊದಲು ದಂಡ 200 ರೂಪಾಯಿವರೆಗೆ ಇತ್ತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಅದು 1000 ರೂಪಾಯಿವರೆಗೆ. ಐದು ಜನ ಒಂದೇ ಟೇಬಲ್ಲಿನಲ್ಲಿ ಕೂತು ಸೇದಿದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಒಂದು ದಿನದ ರೊಟ್ಟಿ ವ್ಯಾಪಾರ ಹೋಯಿತು.

ಬೋರ್ಡಿಗೂ ಅಳತೆ ಇದೆ. ಬಿಳಿ ಬಣ್ಣದ ಮೇಲೆ, ಕಡಿಮೆ ಅಂದರೂ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಕೆಂಪು ಸುತ್ತಿನೊಳಗೆ ಬೀಡಿ ಅಥವಾ ಸಿಗರೇಟಿನ ಚಿತ್ರ, ಅದರ ಮೇಲೆ ಕೆಂಪು ಅಡ್ಡಪಟ್ಟಿ. ಇಲ್ಲಿ ಸೇದುವುದು ಅಪರಾಧ ಅನ್ನುವ ಮಾತು. ನಮ್ಮ ಕಡೆ ಬೀಡಿಯ ಚಿತ್ರವನ್ನೇ ಬರೆಸಿ. ಸಿಗರೇಟ್ ಚಿತ್ರ ನೋಡಿ "ನಾ ಸೇದೋದು ಬೀಡಿರೀ, ಸಿಗರೇಟ್ ಅಲ್ಲ" ಅನ್ನುವ ಜಾಣರು ಇದ್ದಾರೆ. ಕನ್ನಡದ ಕೆಳಗೆ ಉರ್ದು, ಹಿಂದಿಯಲ್ಲೂ ಒಂದೊಂದು ಸಾಲು ಇದ್ದರೆ ಒಳ್ಳೇದು. ಬೀದರ್ ಕಡೆಯವರಾದರೆ ಮರಾಠಿಯಲ್ಲೂ ಬರೆಸಿ. ಬಾಗಿಲಲ್ಲಿ ಹಾಕಬೇಕು, ಫ್ರಿಜ್ ಹಿಂದೆ ಅಲ್ಲ. ದೂರು ಯಾರಿಗೆ ಹೇಳಬೇಕು ಅಂತ ಒಂದು ಹೆಸರು ಬರೆಯಬೇಕು. ಅಲ್ಲಿ ಮಾಲೀಕರ ಹೆಸರೇ ಇರಲಿ. ಟೇಬಲ್ ಒರೆಸುವ ಹುಡುಗನ ಹೆಸರು ಬರೆದು ತಪ್ಪಿಸಿಕೊಂಡವರನ್ನು ನೋಡಿದ್ದೇನೆ.

ಬೋರ್ಡನ್ನು ದೇವರ ಫೋಟೊ ಪಕ್ಕ ಹಾಕಿ, ಹೆದರಿ ಸೇದುವುದಿಲ್ಲ ಅಂತ ನನಗೊಬ್ಬರು ಸಲಹೆ ಕೊಟ್ಟರು. ದೇವರಿಗೆ ಈ ಕೆಲಸ ಹಚ್ಚಬೇಡಿ.

ಮಾತಾಡುವ ರೀತಿ

ಎಲ್ಲಾ ಇರುವುದು ಇದರಲ್ಲಿ. ಹಚ್ಚಿದ ಮೇಲೆ ಆರಿಸಿ ಅನ್ನಬೇಡಿ, ಹಚ್ಚುವ ಮುಂಚೆ ಹೇಳಿ. ಹಚ್ಚಿದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ದುಡ್ಡು ಕೊಟ್ಟಿರುತ್ತಾರೆ, ನಾಲ್ಕು ಜನರ ಮುಂದೆ ಮಾನದ ಪ್ರಶ್ನೆ ಬೇರೆ. ಬೀಡಿ ಸೇದುವವರು ನಮಗೆ ಬೇಕಾದಷ್ಟು ಟೈಮ್ ಕೊಡುತ್ತಾರೆ. ಗಮನಿಸಿ ನೋಡಿ: ಕಟ್ಟಿನಿಂದ ಒಂದನ್ನು ಎಳೆಯುತ್ತಾರೆ, ಎರಡು ಬೆರಳ ನಡುವೆ ಹೊರಳಿಸುತ್ತಾರೆ, ಒಂದು ತುದಿಯಿಂದ ಉಫ್ ಅಂತ ಊದುತ್ತಾರೆ, ಆಮೇಲೆ ಜೇಬು ತಟ್ಟಿ ಕಡ್ಡಿಪೆಟ್ಟಿಗೆ ಹುಡುಕುತ್ತಾರೆ. ಊದುವ ಹೊತ್ತಿಗೆ ನೀವು ಟೇಬಲ್ ಹತ್ತಿರ ಇರಬೇಕು. ಸಿಗರೇಟಿನವರು ಬೇಗ. ಅವರ ಕೈ ಅಂಗಿ ಜೇಬಿಗೆ ಹೋದ ಕೂಡಲೇ ಹೊರಡಿ.

ಹೇಳುವಾಗ 'ಸೇದಬೇಡಿ' ಅಂತ ಶುರು ಮಾಡಬೇಡಿ. ಎಲ್ಲಿ ಸೇದಬಹುದು ಅಂತ ಶುರು ಮಾಡಿ. "ಕಾಕಾ, ಹೊರಗ ಬೇವಿನ ಗಿಡದ ಕೆಳಗ ನೆರಳದ. ಅಲ್ಲಿ ಕುಂತು ಬರ್ರಿ. ನಿಮ್ಮ ತಾಟು ಮುಚ್ಚಿ ಇಡ್ತೀನಿ." ಆ ಕೊನೆಯ ಮಾತು ಮರೆಯಬೇಡಿ. ಎದ್ದು ಹೋದರೆ ಜಾಗ ಹೋಗುತ್ತದೆ, ಊಟ ಆರುತ್ತದೆ ಅನ್ನುವುದೇ ಅವರ ಚಿಂತೆ. ತಾಟು ಮುಚ್ಚಿಡುತ್ತೇನೆ ಅಂದರೆ ಬಹಳ ಜನ ತಾವಾಗೇ ಏಳುತ್ತಾರೆ. ಹುಡುಗರಾದರೆ 'ತಮ್ಮಾ', ಮುಸ್ಲಿಂ ಹಿರಿಯರಾದರೆ 'ಚಾಚಾ', ಡ್ರೈವರ್‌ಗಳಿಗೆ 'ಅಣ್ಣಾ'. ಹೆಣ್ಣುಮಗಳು ಬಂದು ಕೇಳಿಕೊಂಡರೆ ಎದುರು ಮಾತು ಕಡಿಮೆ. ಇದು ನ್ಯಾಯವಲ್ಲ, ಆದರೆ ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಕಷ್ಟ. "ಮಳಿ ಬರಲಕತ್ತದ, ಎಲ್ಲಿ ಹೋಗ್ಲಿ ಅಕ್ಕಾರ?" ಅಂತಾರೆ. ಒಂದು ದಿನ ಬಿಟ್ಟರೆ ಮರುದಿನ ಬಿಸಿಲಿನ ನೆಪ ಬರುತ್ತದೆ. ನಮ್ಮೂರಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದಲ್ಲ, ಆ ನೆಪ ನಿಜವಾದದ್ದೇ. ಆದರೂ ಬಿಡಬೇಡಿ. ಪರಿಚಯದವರು, ಪೊಲೀಸರು, ಖಾದಿ ಹಾಕಿದವರು, ನಿಮ್ಮ ಸ್ವಂತ ಮೈದುನ, ಯಾರಿಗೂ ಬಿಡಬೇಡಿ. ಮೈದುನನಿಗೆ ಬಿಟ್ಟರೆ ಊರಿಗೇ ಬಿಟ್ಟಂತೆ.

ಕೆಲವರು ಕೇಳುವುದೇ ಇಲ್ಲ. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಬೀಡಿ ಆರುವ ತನಕ ಮುಂದಿನ ರೊಟ್ಟಿ ಬಡಿಸಬೇಡಿ, ಅಷ್ಟೇ. ಪಲ್ಯ ಇದೆ, ಚಟ್ನಿ ಇದೆ, ರೊಟ್ಟಿ ಬರುವುದಿಲ್ಲ. ಅಡುಗೆಮನೆ ಕಡೆ ನೋಡುತ್ತಾರೆ, ನಿಮ್ಮನ್ನು ನೋಡುತ್ತಾರೆ, ಆಮೇಲೆ ಆರಿಸುತ್ತಾರೆ. ದಂಡ ವಸೂಲಿ ನಮ್ಮ ಕೆಲಸ ಅಲ್ಲ. ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನ ಪೊಲೀಸರು, ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್, ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್, ಇಂಥವರಿಗೆ ಆ ಅಧಿಕಾರ ಇದೆ. ತೀರಾ ಮೈಮೇಲೆ ಬಂದರೆ ಪೊಲೀಸರಿಗೆ ಫೋನ್ ಮಾಡಿ.

ವಾದಕ್ಕೆ ಬಂದವರಿಗೆ ಏನು ಹೇಳೋದು

ವಾದಗಳು ಬಂದೇ ಬರುತ್ತವೆ. "ನನ್ನ ರೊಕ್ಕ, ನನ್ನ ಎದಿ, ನಿಮಗೇನ್ರಿ?" ಇದಕ್ಕೆ ಉತ್ತರ ಸುಲಭ. ಹೊಗೆ ಅವರ ಎದೆಯಲ್ಲಿ ನಿಲ್ಲುವುದಿಲ್ಲ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಜಾಸ್ತಿ ರಾಸಾಯನಿಕಗಳಿವೆ, ಅದರಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಪಕ್ಕದಲ್ಲಿ ಕೂತವನಿಗೂ ಅದೇ ಗಾಳಿ. ಗಿರಾಕಿ ಅರ್ಧ ಗಂಟೆಗೆ ಎದ್ದು ಹೋಗುತ್ತಾನೆ, ಟೇಬಲ್ ಒರೆಸುವ ಹುಡುಗ ದಿನವಿಡೀ ಅಲ್ಲೇ ಇರುತ್ತಾನೆ. ಫ್ಯಾನ್ ಹಾಕಿದರೆ ಹೋಗುತ್ತದೆ ಅನ್ನುತ್ತಾರೆ. ಫ್ಯಾನು ಒಂದು ಟೇಬಲ್ಲಿನ ಹೊಗೆಯನ್ನು ಎಲ್ಲಾ ಟೇಬಲ್ಲಿಗೂ ಹಂಚುತ್ತದೆ.

"ನಿಮ್ಮ ಒಲಿ ಹೊಗಿ ಇದಕ್ಕಿಂತ ಜಾಸ್ತಿ ಅದ" ಅಂತ ಒಬ್ಬ ಗುಮಾಸ್ತರು ಅಂದರು. ಮಾತು ಸುಳ್ಳಲ್ಲ. ಕಟ್ಟಿಗೆ ಒಲೆ ಇಟ್ಟುಕೊಂಡು ಈ ಕೆಲಸಕ್ಕೆ ಇಳಿದರೆ ಇಂಥ ಮಾತು ಕೇಳಲೇಬೇಕು. ರೊಟ್ಟಿ ಒಲೆಯ ಮೇಲೆ ಹೊಗೆ ಹೋಗುವ ಕೊಳವೆ ಹಾಕಿಸಿ, ಆಗುವುದಾದರೆ ಗ್ಯಾಸಿಗೆ ಬನ್ನಿ.

"ಮಾರಾಕ ಬಿಡ್ತಾರ, ಸೇದಾಕ ಬಿಡಂಗಿಲ್ಲ" ಅನ್ನುವುದು ಇನ್ನೊಂದು. ಇದು ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ, ನನಗೂ ಇದೆ. ನನ್ನ ಖಾನಾವಳಿಗೆ ಮಾತ್ರ ನಾನು ಉತ್ತರ ಕೊಡಬಲ್ಲೆ.

ನನ್ನನ್ನು ನಿಜವಾಗಿ ಕಾಡಿದ ಮಾತು ಒಬ್ಬ ಹಮಾಲರದು. ಬೆನ್ನ ಮೇಲಿನ ಚೀಲ ಇಳಿಸಿ ಬಂದವರು. "ದೊಡ್ಡ ಹೋಟೆಲಿನ್ಯಾಗ ಎಸಿ ಹಾಕಿ ಸೇದಾಕ ಖೋಲಿ ಕೊಡ್ತಾರ. ನಮಗ ಬಿಸಿಲಾಗ ಹೋಗ್ರಿ ಅಂತೀರಿ." ಅವರು ಹೇಳಿದ್ದು ಸರಿ. 30 ಕೋಣೆ ಇರುವ ಲಾಡ್ಜ್, 30 ಜನ ಕೂರುವ ರೆಸ್ಟೋರೆಂಟ್, ವಿಮಾನ ನಿಲ್ದಾಣ, ಇವಕ್ಕೆ ಬೇರೆ ಕೋಣೆ ಮಾಡಲು ಕಾನೂನು ಬಿಟ್ಟಿದೆ. ನಾಲ್ಕು ಕಡೆ ಪೂರ್ತಿ ಗೋಡೆ, ತಾನಾಗೇ ಮುಚ್ಚುವ ಬಾಗಿಲು, ಹೊಗೆ ಹೊರಗೇ ಹೋಗುವ ವ್ಯವಸ್ಥೆ ಇರಬೇಕು, ಅಲ್ಲಿ ತಿಂಡಿ-ಚಹಾ ಕೊಡುವಂತಿಲ್ಲ. ನಮ್ಮಂಥ ಆರು ಟೇಬಲ್ಲಿನವರಿಗೆ ಆ ದಾರಿಯೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ದೊಡ್ಡವರಿಗೂ ಆ ಖೋಲಿ ಬೇಡ. ಅಲ್ಲಿಯೂ ಯಾವನೋ ಒಬ್ಬ ಹುಡುಗ ಒಳಗೆ ಹೋಗಿ ನೆಲ ಗುಡಿಸಬೇಕಲ್ಲ? ಆದರೆ ಹಮಾಲರ ಮಾತಿಗೆ ಬೆಲೆ ಕೊಟ್ಟು ಬೇವಿನ ಗಿಡದ ಕೆಳಗೆ ಒಂದು ಕಲ್ಲು ಬೆಂಚು ಹಾಕಿಸಿದೆ. ಶಹಾಬಾದ್ ಫರಸಿ, ಜಾಸ್ತಿ ಖರ್ಚಿಲ್ಲ. ಬಾಗಿಲಿನಿಂದ ದೂರ ಇರಲಿ, ಇಲ್ಲದಿದ್ದರೆ ಹೊಗೆ ಮತ್ತೆ ಒಳಗೇ ಬರುತ್ತದೆ. ಒಂದು ಮಣ್ಣಿನ ಗಡಿಗೆ ನೀರು ಇಡಿ. ಬಾಗಿಲ ಪಕ್ಕ ಮರಳಿನ ಡಬ್ಬಿ ಇಡಬೇಡಿ, ಅದೇ ಆಶ್‌ಟ್ರೇ ಆಗಿಬಿಡುತ್ತದೆ.

ಇನ್ನು ವ್ಯಾಪಾರ. 2016-17ರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು 8.8 ಶೇಕಡಾ. ಗಂಜ್‌ನಲ್ಲಿ ಅದಕ್ಕಿಂತ ಜಾಸ್ತಿ ಕಾಣುತ್ತಾರೆ, ಗಂಡಸರೇ ತುಂಬಿರುವ ಜಾಗ. ಆದರೂ ಸೇದದವರೇ ಹೆಚ್ಚು. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ನೆ ಬೇರೆ ಹೋಟೆಲಿಗೆ ಹೋಗುತ್ತಾರೆ. ನನ್ನಲ್ಲಿ ಕೆಲವರು ಬರುವುದು ಬಿಟ್ಟರು, ಹೌದು. ಅವರ ಜಾಗದಲ್ಲಿ ರೈತರ ಹೆಂಡಂದಿರು ಒಳಗೆ ಬಂದು ಕೂರತೊಡಗಿದರು. ಮೊದಲು ಅವರು ಗಂಡನ ಊಟ ಮುಗಿಯುವ ತನಕ ಟಂಟಂ ಗಾಡಿಯಲ್ಲೇ ಕೂತಿರುತ್ತಿದ್ದರು.

ಗಲ್ಲಾದಲ್ಲಿ ಮಾರುವುದನ್ನು ಬಿಡಿ

ಸಿಗರೇಟ್ ಮಾರುತ್ತಾ ಸೇದಬೇಡಿ ಅನ್ನಲು ಆಗುವುದಿಲ್ಲ. ಕರ್ನಾಟಕದಲ್ಲಿ ಈಗ ಬಿಡಿಯಾಗಿ ಒಂದು-ಎರಡು ಸಿಗರೇಟ್ ಮಾರುವುದೇ ತಪ್ಪು. 21 ವರ್ಷದೊಳಗಿನವರಿಗೆ ಕೊಡುವಂತಿಲ್ಲ, ಮೊದಲು 18 ಇತ್ತು. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಗಲ್ಲಾದಲ್ಲಿ ಸಿಗರೇಟ್ ಇಡುತ್ತಿದ್ದ ಜಾಗದಲ್ಲಿ ಬಡೇಸೋಪು, ಕಲ್ಲುಸಕ್ಕರೆ ಡಬ್ಬಿ ಇಡಿ, ಪುಕ್ಕಟೆ. ಊಟ ಆದ ಮೇಲೆ ಬಾಯಿಗೆ ಏನಾದರೂ ಬೇಕು ಅನ್ನಿಸುವ ಹೊತ್ತದು. ಕೈ ಡಬ್ಬಿಗೆ ಹೋದರೆ ಜೇಬಿಗೆ ಹೋಗುವುದು ತಡವಾಗುತ್ತದೆ.

ನಮ್ಮ ಕಡೆ ಸೇದುವವರಿಗಿಂತ ಜಗಿಯುವವರ ಕಾಟ ದೊಡ್ಡದು. ಅದೇ ಸಮೀಕ್ಷೆಯಲ್ಲಿ ಜರ್ದಾ, ಗುಟ್ಕಾ ಥರದ್ದು ಬಳಸುವವರು 16.3 ಶೇಕಡಾ, ಸೇದುವವರ ಹೆಚ್ಚುಕಡಿಮೆ ಎರಡರಷ್ಟು. ಕೈ ತೊಳೆಯುವ ಸಿಂಕ್ ನೋಡಿದರೆ ಸಮೀಕ್ಷೆ ಬೇಕಾಗುವುದಿಲ್ಲ. ತಂಬಾಕು ಜಗಿದು ಉಗುಳುವುದಕ್ಕೂ ಈಗ ದಂಡ ಇದೆ. ಸಿಂಕ್ ಮೇಲೆ ಒಂದು ಕನ್ನಡಿ ಹಾಕಿ. ತನ್ನ ಮುಖ ನೋಡಿಕೊಂಡು ಕೆಂಪಗೆ ಉಗುಳುವವರು ಕಡಿಮೆ.

ಬೋರ್ಡಿನ ಕೆಳಗೆ ಒಂದು ನಂಬರ್ ಬರೆಸಿ: 1800-11-2356. ತಂಬಾಕು ಬಿಡಬೇಕು ಅನ್ನುವವರಿಗೆ ಸರ್ಕಾರದ ಸಹಾಯವಾಣಿ, ಫೋನಿಗೆ ದುಡ್ಡಿಲ್ಲ. ಯಾರಿಗೂ ತೋರಿಸಿ ಉಪದೇಶ ಮಾಡಬೇಡಿ. ಬೆಂಚಿನಿಂದ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಇದ್ದರೆ ಸಾಕು. ಬೇಕಾದವರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ, ನಾವು ಬೇರೆ ಕಡೆ ನೋಡುತ್ತಿರುವಾಗ.

ಕೊನೆಗೆ ಜಾತ್ರೆ ವಿಷಯ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದೆ, ಊರು ತುಂಬುತ್ತದೆ, ನಾವು ಹೊಸ ಹುಡುಗರನ್ನು ಇಟ್ಟುಕೊಳ್ಳುತ್ತೇವೆ. ಅವರಿಗೆ ಹೊರಗಿನವರ ಜೊತೆ ಬಾಯಿ ಮಾಡಲು ಬಿಡಬೇಡಿ. ಯಾರಾದರೂ ಬೀಡಿ ತೆಗೆದರೆ ಹುಡುಗ ಮಾಡಬೇಕಾದ್ದು ಎರಡೇ ಕೆಲಸ: ಆ ಟೇಬಲ್ಲಿಗೆ ಒಂದು ತಂಬಿಗೆ ನೀರು ಇಡಬೇಕು, ನಿಮ್ಮನ್ನು ಕರೆಯಬೇಕು. ಮಾತು ನೀವೇ ಆಡಿ.