ನಿಮಿರುವಿಕೆಯ ಮಾತ್ರೆ ಕೆಲಸ ಮಾಡುತ್ತಿಲ್ಲವೇ? ಮೊದಲು ಇದನ್ನು ನೋಡಿ

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಎದೆನೋವಿಗೆ ನೈಟ್ರೇಟ್ ಔಷಧಿ (ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್) ಬಳಸುವವರು ನಿಮಿರುವಿಕೆಯ ಈ ಮಾತ್ರೆಗಳನ್ನು (ಸಿಲ್ಡೆನಾಫಿಲ್, ತಡಾಲಾಫಿಲ್) ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್‌ನಂಥ ಔಷಧಿ ನಡೆಯುತ್ತಿದ್ದರೆ ವೈದ್ಯರಿಗೆ ಹೇಳಿ. ಆಗ ಈ ಮಾತ್ರೆಯನ್ನು ಕಡಿಮೆ ಡೋಸ್‌ನಿಂದ ಶುರುಮಾಡುತ್ತಾರೆ.

‘ಸಿಲ್ಡೆನಾಫಿಲ್ ತಗೊಂಡೆ, ಏನೂ ಆಗಲಿಲ್ಲ’ ಎನ್ನುವವರು ಎಷ್ಟೋ ಸಲ ಅದನ್ನು ಭಾರಿ ಊಟದ ಬೆನ್ನಿಗೇ ನುಂಗಿರುತ್ತಾರೆ. ಜಿಡ್ಡಿನ ಊಟವಾದ ಮೇಲೆ ಔಷಧಿ ರಕ್ತ ಸೇರುವುದು ಸುಮಾರು ಒಂದು ಗಂಟೆ ತಡ, ಸೇರುವ ಪ್ರಮಾಣವೂ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಅಥವಾ ಹಗುರವಾಗಿ ತಿಂದು, ಸಂಭೋಗಕ್ಕೆ ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ತಡಾಲಾಫಿಲ್‌ಗೆ ಊಟ ಅಡ್ಡಿಯಲ್ಲ, 36 ಗಂಟೆಯವರೆಗೂ ಕೆಲಸ ಮಾಡುತ್ತದೆ. ಆದರೆ ಅದು ನಿಧಾನ, ಎರಡು ಗಂಟೆ ಬಿಡುವುದು ಒಳ್ಳೆಯದು. ಗಡಿಯಾರ ನೋಡುತ್ತಾ ಕೂರುವುದೇ ಆತಂಕ ಎನಿಸುವವರಿಗೆ ವೈದ್ಯರು ಇದನ್ನೇ ದಿನಕ್ಕೆ 5 ಮಿಲಿಗ್ರಾಂನಂತೆ ಬರೆದುಕೊಡುವುದುಂಟು.

ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಉದ್ರೇಕವಾದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಟ್ಟು, ರಕ್ತನಾಳ ಸಡಿಲಿಸುವ ರಾಸಾಯನಿಕ ತಯಾರಾಗುತ್ತದೆ. ಅದು ಬೇಗ ಕರಗದಂತೆ ತಡೆಯುವುದಷ್ಟೇ ಮಾತ್ರೆಯ ಕೆಲಸ. ಸ್ಪರ್ಶ, ಪ್ರಚೋದನೆ ಇಲ್ಲದೆ ಸುಮ್ಮನೆ ಕಾದರೆ ಏನೂ ಆಗದು. ಇದನ್ನು ಸಂಗಾತಿಗೂ ತಿಳಿಸಿ.

ಸಿಲ್ಡೆನಾಫಿಲ್ ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಶುರು. 65 ದಾಟಿದವರಿಗೆ, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರಿಗೆ 25. ಬೇಕಿದ್ದರೆ ವೈದ್ಯರು 100ಕ್ಕೆ ಏರಿಸುತ್ತಾರೆ. 24 ಗಂಟೆಯಲ್ಲಿ ಒಂದೇ ಮಾತ್ರೆ. ಮೊದಲನೆಯದು ಫಲಿಸಲಿಲ್ಲವೆಂದು ಅದೇ ರಾತ್ರಿ ಇನ್ನೊಂದು ಬೇಡ. ಒಂದೆರಡು ಸಲಕ್ಕೇ ಕೈಚೆಲ್ಲಬೇಡಿ: ಸರಿಯಾದ ಡೋಸ್‌ನಲ್ಲಿ, ಬೇರೆ ಬೇರೆ ದಿನ, ಕನಿಷ್ಠ ಆರು ಪ್ರಯತ್ನವಾದರೂ ಆಗಲಿ. ಆಗಲೂ ಫಲವಿಲ್ಲದಿದ್ದರೆ ರಕ್ತದ ಸಕ್ಕರೆ, ಟೆಸ್ಟೋಸ್ಟೆರಾನ್ (ಪುರುಷ ಹಾರ್ಮೋನು), ಹೃದಯದ ತಪಾಸಣೆ ಬೇಕು. ಹೃದ್ರೋಗದ ಮೊದಲ ಸುಳಿವು ಎಷ್ಟೋ ಸಲ ಇಲ್ಲೇ ಕಾಣಿಸಿಕೊಳ್ಳುತ್ತದೆ.

ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ ಸಾಮಾನ್ಯ. ಸಿಲ್ಡೆನಾಫಿಲ್‌ನಿಂದ ಕೆಲವರಿಗೆ ನೋಟ ನೀಲಿಯೆನಿಸುತ್ತದೆ. ತಡಾಲಾಫಿಲ್‌ನಿಂದ ಮರುದಿನ ಬೆನ್ನು, ತೊಡೆ ನೋಯಬಹುದು, ಎರಡು ದಿನದಲ್ಲಿ ಇಳಿಯುತ್ತದೆ.

ನಿಮಿರುವಿಕೆ 4 ಗಂಟೆ ಮೀರಿದರೆ, ದೃಷ್ಟಿ ಅಥವಾ ಕಿವಿ ಹಠಾತ್ತನೆ ಮಂದವಾದರೆ ನಾಚಿಕೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಎದೆನೋವು ಬಂದರೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ತೆಗೆದುಕೊಂಡಿರೆಂದು ವೈದ್ಯರಿಗೆ ಮೊದಲೇ ಹೇಳಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ತಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ.