ಜಪಾನಿಗೆ ಕ್ಯಾಮೆರಾ ಒಯ್ಯುವ ಮುನ್ನ ಆನೆಗೊಂದಿಯಲ್ಲಿ ಮಾಡಬೇಕಾದ ಅಭ್ಯಾಸ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಫೋಟೋ ತೆಗೆಯುತ್ತ ಬೆಳೆದವರ ಕಣ್ಣು ಬಿರುಬಿಸಿಲಿಗೆ ಪಳಗಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂಡೆಗಳು ಕಣ್ಣು ಕುಕ್ಕತೊಡಗುವುದರಿಂದ, ಹೊತ್ತು ಮೂಡಿದ ಮೊದಲ ತಾಸಿನಲ್ಲೇ ಕೆಲಸ ಮುಗಿಸಿ ಕ್ಯಾಮೆರಾವನ್ನು ಚೀಲಕ್ಕೆ ಹಾಕುವುದು ಇಲ್ಲಿಯ ರೂಢಿ. ಜಪಾನಿಗೆ ಹೊರಟವರು ಮೊದಲು ಈ ರೂಢಿಯನ್ನು ಬಿಡಬೇಕು. ಕೊಪ್ಪಳ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದ್ದರೆ ಕ್ಯೋಟೋ 35 ಡಿಗ್ರಿಯಲ್ಲಿದೆ. ಹೀಗಾಗಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ನಮ್ಮಲ್ಲಿ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿ ಮೇಲಿದ್ದಾಗ ಅಲ್ಲಿ 32 ಡಿಗ್ರಿಯ ಹತ್ತಿರವಷ್ಟೇ ಇರುತ್ತಾನೆ. ಚಳಿಗಾಲದಲ್ಲಿ ದಿನವಿಡೀ ನೆರಳು ಉದ್ದ, ಬೆಳಕು ಓರೆ. ನಡುಹಗಲಿನಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಆದರೆ ಐದು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ ಮತ್ತು ಬಹುತೇಕ ದೇವಾಲಯಗಳು ಅದೇ ಹೊತ್ತಿಗೆ ಬಾಗಿಲು ಹಾಕುತ್ತವೆ ಎಂಬುದನ್ನು ಲೆಕ್ಕಕ್ಕಿಟ್ಟು ದಿನದ ಓಡಾಟವನ್ನು ಗೊತ್ತುಮಾಡಿಕೊಳ್ಳಬೇಕು.

ಯಾವ ಕಾಲಕ್ಕೆ ಹೋಗಬೇಕೆಂದು ಕೇಳಿದವರಿಗೆ ನನ್ನ ಉತ್ತರ ನವೆಂಬರ್ ಕೊನೆಯ ಎರಡು ವಾರಗಳು. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಅರಳುವ ಚೆರ್ರಿ ಹೂವಿನ ಹೆಸರು ದೊಡ್ಡದಾದರೂ ಒಂದು ಮಳೆಗಾಳಿಗೆ ಅದು ಉದುರಿಹೋಗಬಹುದು. ಕ್ಯೋಟೋದ ಮೇಪಲ್ ಎಲೆಯ ಕೆಂಪು ಅದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ಜೂನ್‌ನಿಂದ ಜುಲೈ ನಡುವಿನವರೆಗಿನ ಮಳೆಗಾಲವನ್ನು ಎಲ್ಲರೂ ತಪ್ಪಿಸುತ್ತಾರೆ, ಆದರೆ ಪಾಚಿಯ ತೋಟಗಳು ನಿಜವಾಗಿ ಹೊಳೆಯುವುದು ಆಗಲೇ. ಒದ್ದೆ ಎಲೆಯ ಮೇಲಿನ ಬಿಳಿ ಮಿನುಗನ್ನು ತೆಗೆಯಲು ಪೋಲರೈಸರ್ ಫಿಲ್ಟರ್ ಒಂದಿದ್ದರೆ ಸಾಕು.

ಮೆತ್ತನೆಯ ಬೆಳಕಿಗೆ ಕಣ್ಣನ್ನು ಒಗ್ಗಿಸಲು ಊರು ಬಿಡಬೇಕಾಗಿಲ್ಲ. ಜನವರಿಯ ನಸುಕಿನಲ್ಲಿ ಅಂಜನಾದ್ರಿ ಬೆಟ್ಟ ಹತ್ತಿ, 70ರಿಂದ 200 ಮಿಲಿಮೀಟರಿನ ಲೆನ್ಸ್ ಹಾಕಿ, ಆನೆಗೊಂದಿಯ ಭತ್ತದ ಗದ್ದೆಗಳ ಆಚೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬಂಡೆಗುಡ್ಡಗಳನ್ನು ಪದರಪದರವಾಗಿ ಹಿಡಿಯುವುದನ್ನು ಅಭ್ಯಾಸ ಮಾಡಬೇಕು. ಜಪಾನಿನ ಬೆಟ್ಟಸಾಲುಗಳ ಸೊಗಸೂ ಈ ಮಸುಕಿನಲ್ಲೇ ಇದೆ. ಅಲ್ಲಿ ವೈಡ್ ಲೆನ್ಸಿನಿಂದ ಎಲ್ಲವನ್ನೂ ತುಂಬಿಕೊಳ್ಳಲು ಹೋದರೆ ವಿದ್ಯುತ್ ತಂತಿ, ಕಂಬ, ಫಲಕಗಳೇ ಮುಂದಾಗಿ ನಿಲ್ಲುತ್ತವೆ.

3,776 ಮೀಟರ್ ಎತ್ತರದ ಫ್ಯೂಜಿ ಪರ್ವತ ಬೇಸಿಗೆಯಲ್ಲಿ ಬಹುಪಾಲು ಮೋಡದೊಳಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಬೆಳಗುಗಳೇ ಖಚಿತ. ಕವಾಗುಚಿ ಸರೋವರದ ಉತ್ತರ ದಡದಲ್ಲಿ ನಿಂತರೆ ಪರ್ವತ ದಕ್ಷಿಣಕ್ಕಿರುತ್ತದೆ, ಚಳಿಗಾಲದ ಸೂರ್ಯ ಎಡಬದಿಯಿಂದ ಹಿಮದ ಮೇಲೆ ಬೀಳುತ್ತಾನೆ, ಗಾಳಿ ಏಳುವ ಮೊದಲು ನೀರಿನಲ್ಲಿ ಇಡೀ ಪರ್ವತದ ಪ್ರತಿಬಿಂಬ ಕಾಣುತ್ತದೆ. ಹಿಮ ಚೌಕಟ್ಟನ್ನು ಹೆಚ್ಚು ತುಂಬಿದಾಗ ಕ್ಯಾಮೆರಾದ ಮೀಟರ್ ಅದನ್ನು ಬೂದಿಬಣ್ಣಕ್ಕಿಳಿಸುವುದರಿಂದ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಒಳಬರುವ ಬೆಳಕು ಇಮ್ಮಡಿಯಾಗುವಷ್ಟು, ಏರಿಸಬೇಕು. ಐದಂತಸ್ತಿನ ಚುರೇಯಿತೋ ಪಗೋಡದ ಹಿಂದೆ ಫ್ಯೂಜಿ ಕಾಣುವ ಪ್ರಸಿದ್ಧ ಚಿತ್ರಕ್ಕೆ 398 ಮೆಟ್ಟಿಲು ಹತ್ತಬೇಕು; ಅಂಜನಾದ್ರಿಯನ್ನು ಹತ್ತಿಳಿದ ಕಾಲುಗಳಿಗೆ ಅದು ದೊಡ್ಡ ಮಾತಲ್ಲ.

ಕ್ಯೋಟೋದ ಫುಶಿಮಿ ಇನಾರಿ ಗುಡಿ ರಾತ್ರಿಹಗಲು ತೆರೆದಿರುತ್ತದೆ, ಪ್ರವೇಶ ಶುಲ್ಕವಿಲ್ಲ. ಬೆಳಕು ಹರಿಯುವ ಮುನ್ನವೇ ಅಲ್ಲಿರಬೇಕು. ‘ತೋರಿ’ ಎಂಬ ಸಾಲುಸಾಲು ದ್ವಾರಕಮಾನುಗಳ ಕುಂಕುಮಗೆಂಪು ಕ್ಯಾಮೆರಾದಲ್ಲಿ ಬೇಗ ಉಕ್ಕಿ, ಮರದ ನಯ ಅಳಿಸಿ ಬರಿಯ ಬಣ್ಣದ ಮುದ್ದೆಯಾಗುವುದುಂಟು. ಕ್ಯಾಮೆರಾದ ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪಿನ ಗೆರೆಯನ್ನು ನೋಡಿ ಎಕ್ಸ್‌ಪೋಷರನ್ನು ಅರ್ಧ ಸ್ಟಾಪ್ ಇಳಿಸಿ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ತೆಗೆಯುವುದು ಒಳ್ಳೆಯದು. ಏರುವಾಗ ಕಂಬಗಳು ಬರಿದಾಗಿ ಕಾಣುತ್ತವೆ. ಇಳಿಯುವಾಗ ಪ್ರತಿ ಕಂಬದ ಹಿಂಬದಿಯಲ್ಲಿ ಅದನ್ನು ಕಾಣಿಕೆಯಿತ್ತವರ ಹೆಸರು ಕಪ್ಪು ಅಕ್ಷರಗಳಲ್ಲಿ ಎದುರಾಗುತ್ತದೆ, ಹಳೆಯ ಕಂಬಗಳಲ್ಲಿ ಬಣ್ಣ ಮಾಸಿ, ಬುಡದ ಮರ ಕೊಳೆಯತೊಡಗಿರುತ್ತದೆ. ಏರುದಾರಿಯ ಚಿತ್ರ ಎಲ್ಲರ ಬಳಿಯೂ ಇದೆ. ಭಕ್ತಿಯ ಲೆಕ್ಕ ಬರೆದಿರುವುದು ಈ ಹಿಂಬದಿಯಲ್ಲಿ. ಹಿರೋಶಿಮಾ ಬಳಿಯ ಮಿಯಾಜಿಮಾ ದ್ವೀಪದ ಸಮುದ್ರದೊಳಗಿನ ತೋರಿಗೆ ಹೋಗುವವರು ಭರತ ಇಳಿತಗಳ ವೇಳಾಪಟ್ಟಿ ನೋಡಿಯೇ ದೋಣಿ ಹತ್ತಬೇಕು.

ಜನರ ಮತ್ತು ಆಚರಣೆಗಳ ಚಿತ್ರಣ ಇದಕ್ಕಿಂತ ಬಹಳ ಕಠಿಣ, ಮತ್ತು ನಮ್ಮವರು ಹೆಚ್ಚು ಸಿದ್ಧತೆ ಮಾಡಿಕೊಳ್ಳಬೇಕಾದದ್ದು ಇಲ್ಲಿಯೇ. ನಮ್ಮ ಜಾತ್ರೆಯಲ್ಲಿ ಕ್ಯಾಮೆರಾ ಎತ್ತಿದರೆ ಜನ ನಕ್ಕು ಎದುರಿಗೆ ನಿಲ್ಲುತ್ತಾರೆ. ಜಪಾನಿನಲ್ಲಿ ಕೇಳದೆ ಮುಖಕ್ಕೆ ಲೆನ್ಸ್ ಹಿಡಿಯುವುದು ಅಸಭ್ಯ. ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ ಗೇಕೋ, ಮೈಕೋಗಳ (ಹಾಡು ಕುಣಿತದ ಸಾಂಪ್ರದಾಯಿಕ ಕಲಾವಿದೆಯರು ಮತ್ತು ಅವರ ಕಿರಿಯ ಶಿಷ್ಯೆಯರು) ದಾರಿಗಡ್ಡ ನಿಂತು ಕಾಡುವವರ ಹಾವಳಿ ಅತಿಯಾಗಿ, ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡವೆಂದು ಫಲಕ ಹಾಕಬೇಕಾಯಿತು. 2024ರ ಮೇ ತಿಂಗಳಲ್ಲಿ ಫ್ಯೂಜಿಕವಾಗುಚಿಕೋ ಪಟ್ಟಣದವರು, ರಸ್ತೆಗೆ ನುಗ್ಗುವ ಪ್ರವಾಸಿಗರಿಂದ ಬೇಸತ್ತು, ಅಂಗಡಿಯೊಂದರ ಮೇಲೆ ಫ್ಯೂಜಿ ಕಾಣುತ್ತಿದ್ದ ಜಾಗಕ್ಕೆ ಆಳೆತ್ತರ ಮೀರಿದ ಕಪ್ಪು ಪರದೆಯನ್ನೇ ಕಟ್ಟಿದರು. ಈ ಸಿಟ್ಟು ನ್ಯಾಯವಾದದ್ದೆಂದು ನಾನು ನಂಬುತ್ತೇನೆ.

ಆದ್ದರಿಂದ ಕಿನ್ನಾಳಕ್ಕೆ ಹೋಗಿ, ಮರದ ಗೊಂಬೆಗೆ ಬಣ್ಣ ಕೊಡುವ ಚಿತ್ರಗಾರರ ಮನೆಯಲ್ಲಿ ಮೊದಲು ಕ್ಯಾಮೆರಾ ತೆಗೆಯದೆ ಕುಳಿತು ನೋಡಬೇಕು. "ಯಜಮಾನ್ರ, ಒಂದು ಫೋಟೋ ತಗೀಲೇನ್ರಿ?" ಎಂದು ಕೇಳಿ, ಒಪ್ಪಿದ ಮೇಲೆ ಕಿಟಕಿಯ ಬೆಳಕಿನಲ್ಲೇ, ಫ್ಲ್ಯಾಶ್ ಇಲ್ಲದೆ, ಕೈ ಮತ್ತು ಕುಂಚವನ್ನು ಹಿಡಿಯಬೇಕು. ಕ್ಯೋಟೋದ ಕುಶಲಕರ್ಮಿಯ ಮುಂದೆ ಕೂತಾಗ ಬೇಕಾಗುವುದು ಇದೇ ನಡೆ. ಅಲ್ಲಿ "ಸುಮಿಮಾಸೆನ್, ಶಾಶಿನ್ ಒ ತೊತ್ತೆ ಮೊ ಈ ದೆಸು ಕಾ" ಎಂದು ಕೇಳಿದರಾಯಿತು. ಬೇಡವೆಂದರೆ ತಲೆಬಾಗಿ ಸರಿಯಬೇಕು. ಒಳಾಂಗಣಗಳಲ್ಲಿ ಹಲವು ಕಡೆ ಫೋಟೋಗೆ ನಿಷೇಧವಿದೆ, ಟ್ರೈಪಾಡ್‌ಗಂತೂ ಬಹುತೇಕ ಎಲ್ಲೆಡೆ. ಅನುಮತಿ ಇರುವಲ್ಲಿ ತಾತಾಮಿ ಚಾಪೆಯ ಮೇಲೆ ಕೂತು, ತೋಟದ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿದರೆ, ಕಂಬ ಮತ್ತು ಬಾಗಿಲುಗಳು ಕಪ್ಪಾಗಿ ತಾವೇ ಚೌಕಟ್ಟಾಗುತ್ತವೆ.

ಹಬ್ಬದ ಮೆರವಣಿಗೆಗೆ ಕೊಪ್ಪಳದ ಗವಿಮಠದ ತೇರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಜುಲೈ 17 ಮತ್ತು 24ರಂದು ಸಾಗುವ ಕ್ಯೋಟೋದ ಗಿಯೋನ್ ಮತ್ಸುರಿ ಹಬ್ಬದ ದೊಡ್ಡ ರಥಗಳಿಗೂ ಗಾಲಿ ಹೊರಳಿಸುವ ಏರ್ಪಾಡಿಲ್ಲ. ಅಡ್ಡರಸ್ತೆಯಲ್ಲಿ ಸೀಳಿದ ಬಿದಿರನ್ನು ಗಾಲಿಯ ಕೆಳಗೆ ಹಾಸಿ, ನೀರು ಸುರಿದು, ಹಗ್ಗ ಹಿಡಿದು ಪಕ್ಕಕ್ಕೆ ಜಾರಿಸುತ್ತಾರೆ. ಮೊದಲೇ ತಿರುವಿನ ಬಳಿ ಜಾಗ ಹಿಡಿದು, ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕಿಳಿಸಿ, ಸೆಕೆಂಡಿನ 500ನೇ ಒಂದು ಭಾಗದ ಶಟರ್ ವೇಗದಲ್ಲಿ ಚಿಮ್ಮುವ ನೀರನ್ನೂ ಎಳೆಯುವವರ ಮುಖವನ್ನೂ ಒಟ್ಟಿಗೆ ಹಿಡಿಯಬೇಕು.

ಉಳಿದದ್ದು ಸಾಮಾನು. ಅಲ್ಲಿಯ ವಿದ್ಯುತ್ 100 ವೋಲ್ಟ್, ಪ್ಲಗ್‌ಗೆ ಎರಡು ಚಪ್ಪಟೆ ಕಡ್ಡಿ. 100ರಿಂದ 240 ವೋಲ್ಟ್ ಎಂದು ಬರೆದ ಚಾರ್ಜರಿಗೆ ಅಡಾಪ್ಟರ್ ಮಾತ್ರ ಸಾಕು. 100 ಗ್ರಾಂ ಮತ್ತು ಅದಕ್ಕೂ ಮೇಲಿನ ಡ್ರೋನ್‌ಗೆ 2022ರ ಜೂನ್‌ನಿಂದ ನೋಂದಣಿ ಕಡ್ಡಾಯವಾಗಿರುವುದರಿಂದ ಅದನ್ನು ಮನೆಯಲ್ಲೇ ಬಿಡುವುದು ವಾಸಿ. ಹಿಮದಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಒಂದನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಚಳಿಯಿಂದ ಬೆಚ್ಚನೆಯ ಕೋಣೆಗೆ ಕಾಲಿಡುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅದು ಕೋಣೆಯ ಶಾಖಕ್ಕೆ ಬರುವವರೆಗೆ ಬಿಚ್ಚದಿದ್ದರೆ ಲೆನ್ಸಿನೊಳಗೆ ನೀರಹನಿ ಕಟ್ಟುವುದಿಲ್ಲ. ಮೆಮೊರಿ ಕಾರ್ಡನ್ನು ಚೀಲ ಕಟ್ಟುವ ಮುನ್ನವೇ ಹೊರತೆಗೆದಿಟ್ಟರೆ ಕಾಯುವ ಹೊತ್ತಿನಲ್ಲಿ ಚಿತ್ರಗಳ ಪ್ರತಿ ತೆಗೆದುಕೊಳ್ಳಬಹುದು.